ಸಂಸ್ಕೃತದಲ್ಲಿ 96

ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪಿಯು ಕಾಲೇಜಿನ ಅರ್ಜಿ ನಾಲ್ಕು ದಿನ ನಮ್ಮ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಗೆ ಒರಗಿಕೊಂಡು ಕೂತಿತ್ತು. ಹೆಸರು, ವಿಳಾಸ, ಆಧಾರ್, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು ಎಲ್ಲ ತುಂಬಿಯಾಗಿತ್ತು. ಉಳಿದಿದ್ದು ಎರಡೇ ಜಾಗ. ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ಯಾವುದು? ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಜೊತೆಗೆ ನಾಲ್ಕನೆಯದು ಬಯಾಲಜಿಯೋ ಕಂಪ್ಯೂಟರ್ ಸೈನ್ಸೋ? ಮೂರನೇ ದಿನಕ್ಕೆ ಅರ್ಜಿಯ ಒಂದು ಮೂಲೆ ಮಿಡಿಯ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಆ ಎರಡು ಜಾಗ ಮಾತ್ರ ಹಾಗೇ ಖಾಲಿ.

ಸಲಹೆಗೇನೂ ಬರವಿರಲಿಲ್ಲ. ಹಾಸನದಿಂದ ಅತ್ತಿಗೆ ಫೋನ್ ಮಾಡಿ, "ಸಂಸ್ಕೃತ ಕೊಡಿಸು, ಕಣ್ಣು ಮುಚ್ಕೊಂಡು ತೊಂಬತ್ತೈದು ಬರುತ್ತೆ" ಅಂದರು. ಮೂರನೇ ಮಹಡಿಯವರು ಲಿಫ್ಟಿನಲ್ಲಿ ಸಿಕ್ಕಿ, "ಪಿಸಿಎಂಸಿ ಸ್ಕೋರಿಂಗು, ಬಯಾಲಜಿ ತಗೊಂಡು ಯಾಕೆ ಒದ್ದಾಡ್ತಾಳೆ?" ಅಂದರು. ನಮ್ಮ ಶಾಖೆಯ ಕ್ಯಾಷಿಯರ್ ನೋಟು ಎಣಿಸುತ್ತಲೇ, "ಪಿಸಿಎಂಬಿನೇ ಇರ್ಲಿ ಮೇಡಂ, ಯಾವುದಕ್ಕೂ ಇರ್ಲಿ" ಅಂದರು. ಪಿಸಿಎಂಬಿಯ ನಿಜವಾದ ವಿಸ್ತರಣೆ ಅದೇ ಇರಬೇಕು: ಯಾವುದಕ್ಕೂ ಇರಲಿ.

ಈ 'ಸ್ಕೋರಿಂಗ್' ಅನ್ನುವ ಮಾತು ನನ್ನ ಕಿವಿಗೆ ಮೊದಲು ಬಿದ್ದಿದ್ದು 1999ರಲ್ಲಿ, ಅರಸೀಕೆರೆಯಲ್ಲಿ, ನಾನು ಪಿಯುಸಿ ಸೇರುವಾಗ. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಇಷ್ಟದ ವಿಷಯ, ಕಷ್ಟದ ವಿಷಯ, ಮೇಷ್ಟ್ರು ಚೆನ್ನಾಗಿದ್ದರೆ ಇಷ್ಟವಾಗಿಬಿಡುವ ಕಷ್ಟದ ವಿಷಯ. ಕಾಲೇಜಿನ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಾಗ ಹಿಂದಿದ್ದ ಹುಡುಗಿ ಹೇಳಿದಳು: ಕನ್ನಡದಲ್ಲಿ ಎಷ್ಟು ಬರೆದರೂ ಎಪ್ಪತ್ತೈದು ದಾಟಲ್ಲ, ಸಂಸ್ಕೃತ ಸ್ಕೋರಿಂಗ್. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಕನ್ನಡದಲ್ಲಿ 125ಕ್ಕೆ 112 ಬಂದಿತ್ತು, ಶಾಲೆಗೇ ಹೆಚ್ಚು. ಆದರೂ ಕೌಂಟರಿಗೆ ತಲುಪುವ ಹೊತ್ತಿಗೆ ನನ್ನ ಕೈ ಸಂಸ್ಕೃತ ಅಂತ ಬರೆದಿತ್ತು. ಸಾಲಿನಲ್ಲಿ ನನ್ನ ಮುಂದೆ ಹೆಚ್ಚೆಂದರೆ ಆರು ಜನ ಇದ್ದಿರಬಹುದು. ಅಷ್ಟೇ ಹೊತ್ತು ಸಾಕಾಯಿತು.

ಮುಂದಿನ ವಾರ ಬಸ್ ಸ್ಟ್ಯಾಂಡಿನ ಹತ್ತಿರ ಹೈಸ್ಕೂಲಿನ ಕನ್ನಡ ಮೇಷ್ಟ್ರು ಸಿಕ್ಕರು. ಸೈಕಲ್ಲಿನ ಚೈನು ಬಿದ್ದು, ಕೂತು ಹಾಕುತ್ತಿದ್ದರು.

"ಏನಮ್ಮ, ಭಾಷೆ ಏನ್ ತಗೊಂಡೆ?"

"ಸಂಸ್ಕೃತ ಸಾರ್."

"ಮುಂಚೆ ಓದಿದ್ದೆಯಾ?"

"ಇಲ್ಲ ಸಾರ್. ಸ್ಕೋರಿಂಗ್ ಅಂತೆ."

"ಹೌದಾ" ಅಂದರು. ಗ್ರೀಸಿನ ಕೈಯಲ್ಲಿ ಪೆಡಲ್ಲು ಒಂದು ಸುತ್ತು ತಿರುಗಿಸಿ ಚೈನು ಕೂತಿತಾ ನೋಡಿದರು. ಬೈದಿದ್ದರೆ ನಾನು ಮರೆತೇ ಬಿಡುತ್ತಿದ್ದೆನೇನೋ.

ಸಂಸ್ಕೃತ ಏಕೆ ಸ್ಕೋರಿಂಗ್ ಅಂತ ಪಿಯುಸಿ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ರಶ್ನೆ ಸಂಸ್ಕೃತದ್ದು, ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು. ಪಾಠದ ಸಾರಾಂಶ ಗೈಡಿನಲ್ಲಿರುತ್ತದೆ. ಒಂದಿಷ್ಟು ಸಂಧಿ, ಒಂದಿಷ್ಟು ಶಬ್ದರೂಪ ಉರುಹೊಡೆದರೆ ಮುಗಿಯಿತು. ಹಾಗಾಗಿ ಎರಡು ವರ್ಷ ಸಂಸ್ಕೃತ ಪತ್ರಿಕೆಯಲ್ಲಿ ನಾನು ಬರೆದದ್ದೆಲ್ಲ ಬಹುಪಾಲು ಕನ್ನಡವೇ! ಕನ್ನಡದಲ್ಲಿ ಬರೆದ ಕನ್ನಡಕ್ಕೆ ಎಪ್ಪತ್ತೈದು, ಸಂಸ್ಕೃತದಲ್ಲಿ ಬರೆದ ಕನ್ನಡಕ್ಕೆ 96. ನಮ್ಮ ತರಗತಿಯಲ್ಲಿ ನಿಜಕ್ಕೂ ಸಂಸ್ಕೃತ ಬಲ್ಲವನು ಒಬ್ಬನಿದ್ದ, ಪಾಠಶಾಲೆಯಲ್ಲಿ ಓದಿ ಬಂದವನು. ಅವನು ಎಲ್ಲವನ್ನೂ ಸಂಸ್ಕೃತದಲ್ಲೇ ಬರೆದ. ಅವನಿಗೆ 91.

ಇವತ್ತು ನನಗೆ ಉಳಿದಿರುವುದು ರಾಮಃ ರಾಮೌ ರಾಮಾಃ, ಅದೂ ದ್ವಿತೀಯಾ ವಿಭಕ್ತಿಗೆ ಬರುವಷ್ಟರಲ್ಲಿ ತಡವರಿಸುತ್ತದೆ.

2001ರಲ್ಲಿ ಫಲಿತಾಂಶ ಬಂತು. 600ಕ್ಕೆ 486, ಶೇಕಡಾ 81. ಅಪ್ಪ ಬೀದಿಗೆಲ್ಲ ಪೇಡ ಹಂಚಿದರು. ಆಮೇಲೆ ಸಿಇಟಿ ರ‍್ಯಾಂಕು ಬಂತು, ಪೇಡದ ರುಚಿ ಹೋಯಿತು. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ, ಅರ್ಧ ಸಿಇಟಿ. ಆದರೆ ಆ ಪಿಯುಸಿ ಅರ್ಧದಲ್ಲಿ ಹಿಡಿಯುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮಾತ್ರ. ಭಾಷೆಯ ಅಂಕ ಲೆಕ್ಕಕ್ಕೇ ಇಲ್ಲ. ನನ್ನ ಪಿಸಿಎಂ 300ಕ್ಕೆ 224. ಮ್ಯಾಥ್ಸಿನಲ್ಲಿ 69. ಇಂಟಿಗ್ರೇಷನ್ ಕಷ್ಟ ಅಂತ ಚಾಯ್ಸಿನಲ್ಲಿ ಬಿಟ್ಟಿದ್ದೆ. ಬೋರ್ಡ್ ಪರೀಕ್ಷೆಯಲ್ಲಿ 'ಯಾವುದಾದರೂ ಇಷ್ಟಕ್ಕೆ ಉತ್ತರಿಸಿ' ಅಂತಿರುತ್ತದಲ್ಲ, ಅಲ್ಲಿ ಬಿಟ್ಟದ್ದು ಮುಚ್ಚಿಹೋಗುತ್ತದೆ. ಸಿಇಟಿಯಲ್ಲಿ ಚಾಯ್ಸ್ ಅನ್ನೋದೇ ಇಲ್ಲ. ಬಿಟ್ಟ ಅಧ್ಯಾಯ ಬಿಟ್ಟ ಹಾಗೇ ಎದುರಿಗೆ ಬಂದು ನಿಂತಿತು.

ಅಂದರೆ ನಾನು ಕನ್ನಡವನ್ನು ಬಿಟ್ಟುಕೊಟ್ಟು ಗಳಿಸಿದ ಅಂಕ ಯಾರೂ ಕೇಳದ ಅಂಕವಾಗಿತ್ತು. ಶೇಕಡಾವಾರಿನಲ್ಲಿ ಚೆನ್ನಾಗಿ ಕಂಡಿತು, ಮದುವೆಮನೆಗಳಲ್ಲಿ ಹೇಳಿಕೊಳ್ಳಲು ಆಯಿತು, ಅಷ್ಟೇ. ಸಿಕ್ಕ ಎಂಜಿನಿಯರಿಂಗ್ ಸೀಟು ಅಪ್ಪನಿಗೆ ಬೇಡದ ಊರಿನಲ್ಲಿ, ನನಗೆ ಬೇಡದ ಬ್ರಾಂಚಿನಲ್ಲಿ. ಬಿಎಸ್ಸಿ ಮಾಡಿದೆ, ಬ್ಯಾಂಕ್ ಪರೀಕ್ಷೆ ಬರೆದೆ. ಅದರ ಬಗ್ಗೆ ದೂರೇನಿಲ್ಲ. ಸಾಲದ ಬಡ್ಡಿ ಲೆಕ್ಕ ಹಾಕುವ ಕೆಲಸ ನನಗೆ ಒಗ್ಗಿದೆ.

ನನ್ನಪ್ಪ ಈಗ ನಮ್ಮ ಜೊತೆಗೇ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಾಲ್ಕನೇ ದಿನ ಸಂಜೆ ಎಲ್‌ಐಸಿ ಕ್ಯಾಲೆಂಡರಿನ ಹಳೇ ಹಾಳೆ ಹರಿದು, ಹಿಂಬದಿಯಲ್ಲಿ ಮೊಮ್ಮಗಳಿಗೆ ಲೆಕ್ಕ ತೋರಿಸಲು ಕೂತರು.

"ನೋಡು ಪುಟ್ಟಿ. ಪಿಯುಸಿ ಪಿಸಿಎಂ 300, ಅದನ್ನ 50ಕ್ಕೆ ಇಳಿಸ್ತಾರೆ. ಸಿಇಟಿ 180, ಅದನ್ನೂ 50ಕ್ಕೆ. ಪಿಯುಸಿಯ ಒಂದು ಅಂಕ ಎಷ್ಟು ಬೆಲೆ?"

ಮಗಳು ಮೊಬೈಲ್ ತೆಗೆದಳು. ತಾತ ಕೈಯಿಂದ ಕಿತ್ತುಕೊಂಡು ಪಕ್ಕಕ್ಕಿಟ್ಟರು. ಆರರಲ್ಲಿ ಒಂದು ಪಾಲು, 0.17. ಸಿಇಟಿಯ ಒಂದು ಅಂಕ ಹತ್ತಿರ ಹತ್ತಿರ 0.28.

"ಈಗ ಇಬ್ಬರು ಹುಡುಗೀರು. ಒಬ್ಬಳು ಪಿಯುಸೀಲಿ 294, ಎಲ್ಲ ಗೈಡು ಉರು ಹೊಡೆದು. ಸಿಇಟೀಲಿ 70. ಇನ್ನೊಬ್ಬಳು ಪಿಯುಸೀಲಿ 255, ಸಿಇಟೀಲಿ 100. ಯಾರು ಮುಂದೆ?"

ಮೊದಲನೆಯವಳಿಗೆ 49 ಮತ್ತು 19.44, ಒಟ್ಟು 68.44. ಎರಡನೆಯವಳಿಗೆ 42.5 ಮತ್ತು 27.78, ಒಟ್ಟು 70.28. ಊರೆಲ್ಲ ಮೊದಲನೆಯವಳ ಫೋಟೋ ಫ್ಲೆಕ್ಸಿನಲ್ಲಿ ಹಾಕಿದ್ದಾಗ ಎರಡನೆಯವಳು ಸೀಟು ತೆಗೆದುಕೊಂಡಿರುತ್ತಾಳೆ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಆ 80 ನಿಮಿಷದಲ್ಲಿ ಗೈಡು ನೆನಪಿಗೆ ಬಂದು ಪ್ರಯೋಜನವಿಲ್ಲ.

ಇದು ಎಂಜಿನಿಯರಿಂಗ್ ಬಾಗಿಲಿನ ಲೆಕ್ಕ. ಪಕ್ಕದ ಬಾಗಿಲಿಗೆ ಹೋದರೆ ತಕ್ಕಡಿಯೇ ಬೇರೆ. ಮೆಡಿಕಲ್‌ಗೆ ನೀಟ್ ಅಂಕ ಮಾತ್ರ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50 ಇದ್ದರೆ ಸಾಕು, ಅಲ್ಲಿಂದ ಮೇಲೆ 51 ಇದ್ದರೂ 99 ಇದ್ದರೂ ಒಂದೇ. ಜೆಇಇ ಮೇನ್‌ನಲ್ಲಿ 2013ರಿಂದ 2016ರವರೆಗೆ ಬೋರ್ಡ್ ಅಂಕಕ್ಕೆ ಶೇ. 40 ತೂಕ ಕೊಟ್ಟು ನೋಡಿದರು, 2017ಕ್ಕೆ ಕೈಬಿಟ್ಟರು. ಈಗ ಐಐಟಿ, ಎನ್‌ಐಟಿಗೆ ಬೋರ್ಡಿನಲ್ಲಿ ಶೇ. 75 ಅಥವಾ ಆ ಬೋರ್ಡಿನ ಮೊದಲ 20 ಪರ್ಸೆಂಟೈಲಿನೊಳಗೆ ಇದ್ದರೆ ಹೊಸ್ತಿಲು ದಾಟಿದ ಹಾಗೆ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳ ಕಟ್-ಆಫ್ 2021ರಲ್ಲಿ ಶೇ. 100 ಇತ್ತು, ಅಂದರೆ ಸುಲಭದ ವಿಷಯ ಆರಿಸಿಕೊಂಡವನೇ ಜಾಣ. ಮರುವರ್ಷವೇ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬಂದು ಆ ಜಾಣತನಕ್ಕೆ ಬೆಲೆಯಿಲ್ಲದ ಹಾಗಾಯಿತು. ಹತ್ತನೇ ತರಗತಿಯಲ್ಲಿ ಕೂತು ವಿಷಯ ಆರಿಸುವ ಮಗು ಎರಡು ವರ್ಷದ ನಂತರದ ತಕ್ಕಡಿಯನ್ನು ಊಹಿಸಬೇಕು. ಆ ತಕ್ಕಡಿ ಹಿಡಿದವರು ನಡುವೆ ಬಟ್ಟು ಬದಲಾಯಿಸಿದರೆ ಕೇಳುವವರಿಲ್ಲ.

ಕೇಳಿದವರೂ ಇದ್ದಾರೆ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಯಿತು. ಎಸ್ಸೆಸ್ಸೆಲ್ಸಿಯ ಶೇ. 45, ಪ್ರಥಮ ಪಿಯುಸಿಯ ಶೇ. 45, ಆಂತರಿಕ ಅಂಕ ಶೇ. 10 ಸೇರಿಸಿ ಫಲಿತಾಂಶ ಕೊಟ್ಟರು. ಎಲ್ಲರೂ ಪಾಸು, 2,239 ಮಕ್ಕಳಿಗೆ 600ಕ್ಕೆ 600. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಹಿಡಿಯಲಿಲ್ಲ. ಮರುವರ್ಷ ಅದೇ ತಂಡದ ಮಕ್ಕಳು ಸಿಇಟಿ ಮತ್ತೆ ಬರೆದಾಗಲೂ ಅವರ ಪಿಯುಸಿ ಅಂಕ ಬಿಟ್ಟರು. ಅವರು ಹೈಕೋರ್ಟಿಗೆ ಹೋದರು. ಕೊನೆಗೆ ಒಂದಷ್ಟು ಅಂಕ ಕಳೆದು ಉಳಿದದ್ದನ್ನು ಹಿಡಿಯುವ ಸೂತ್ರಕ್ಕೆ ಎಲ್ಲರೂ ಒಪ್ಪಬೇಕಾಯಿತು. ಇವರಲ್ಲಿ ಎಷ್ಟು ಜನ ಪ್ರಥಮ ಪಿಯುಸಿಯನ್ನು 'ಇದು ಎಲ್ಲೂ ಲೆಕ್ಕಕ್ಕೆ ಬರಲ್ಲ' ಅಂತ ಆರಾಮಾಗಿ ಕಳೆದಿದ್ದರೋ! ಫಸ್ಟ್ ಪಿಯು ಅಂದರೆ ವಿಶ್ರಾಂತಿಯ ವರ್ಷ ಅಂತ ನಮ್ಮ ಕಾಲದಿಂದ ನಡೆದುಬಂದ ನಂಬಿಕೆ. ಒಂದೇ ಸಲ, ಒಂದೇ ವರ್ಷ, ಅದು ಅರ್ಧಕ್ಕೆ ಹತ್ತಿರ ತೂಗಿತು.

ಸಿಬಿಎಸ್‌ಇ ಓದುವ ಮಕ್ಕಳಿಗೆ ಈ ಆಯ್ಕೆ ಇನ್ನೂ ಬೇಗ ಎದುರಾಗುತ್ತದೆ. 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಗಣಿತದಲ್ಲಿ ಸ್ಟ್ಯಾಂಡರ್ಡ್, ಬೇಸಿಕ್ ಅಂತ ಎರಡು ಮಾಡಿದ್ದಾರೆ. ಪಾಠ ಒಂದೇ, ಪ್ರಶ್ನೆಪತ್ರಿಕೆಯ ಕಷ್ಟ ಬೇರೆ. ಮುಂದೆ ಗಣಿತ ಓದದವರಿಗೆ ಅಂತ ಬೇಸಿಕ್. ಒಳ್ಳೆಯ ಯೋಚನೆಯೇ. ಆದರೆ ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಬೇಸಿಕ್ ತಗೊಂಡಿದ್ದಾನೆ ಅನ್ನುವ ವಿಷಯವನ್ನು ಅವರಮ್ಮ ನನಗೆ ಹೇಳಿದ್ದು ಕಾಯಿಲೆಯ ಸುದ್ದಿ ಹೇಳುವ ದನಿಯಲ್ಲಿ.

ಕಷ್ಟದ್ದನ್ನು ತಗೊಂಡವರೆಲ್ಲ ಉದ್ಧಾರವಾದರು ಅಂತ ನಾನೇನೂ ಹೇಳುತ್ತಿಲ್ಲ. ನನ್ನ ಸಹೋದ್ಯೋಗಿಯ ಮಗನನ್ನು ಪಿಸಿಎಂಬಿ ಜೊತೆಗೆ ನೀಟ್, ಜೆಇಇ ಎರಡಕ್ಕೂ ಅಂತ ಒಂದು ವಸತಿ ಕಾಲೇಜಿಗೆ ಹಾಕಿದರು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಹತ್ತೂವರೆಗೆ ಮಲಗೋದು. ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತರ ಮೇಲಿದ್ದ ಹುಡುಗ ಮೊದಲ ವರ್ಷ ಎರಡು ವಿಷಯದಲ್ಲಿ ಫೇಲಾದ. ದಸರಾ ರಜೆಗೆ ಮನೆಗೆ ಬಂದವನು ವಾಪಸ್ ಹೋಗಲಿಲ್ಲ. ಕಾಮರ್ಸ್ ಸೇರಿ, ಈಗ ಸಿಎ ಓದುತ್ತಿದ್ದಾನೆ. ಅದೇನು ಸುಲಭವಾ? ಆದರೆ ಅದು ಅವನು ಆರಿಸಿಕೊಂಡ ಕಷ್ಟ. ಅಪ್ಪ-ಅಮ್ಮ ಪ್ರತಿಷ್ಠೆಗೆ ಕೊಡಿಸಿದ ಕಷ್ಟಕ್ಕೂ ನಾನು ಅಂಕಕ್ಕಾಗಿ ಹಿಡಿದ ಸುಲಭಕ್ಕೂ ಬಹಳ ವ್ಯತ್ಯಾಸ ಕಾಣುವುದಿಲ್ಲ ನನಗೆ. ಎರಡರಲ್ಲೂ ಆ ವಿಷಯ ನಮಗೆ ಬೇಕಾ ಅಂತ ಯಾರೂ ಕೇಳಿರುವುದಿಲ್ಲ.

ನನ್ನ ತಮ್ಮ ಟೆಕ್ಸಸ್‌ನಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ಅವನ ಫೋನ್ ಬಂದಾಗ ಇದನ್ನೆಲ್ಲ ಹೇಳಿ ಉಸಿರುಬಿಟ್ಟರೆ, "ಅಕ್ಕ, ನಿಮ್ಮದು ವಾಸಿ" ಅಂದ. ಅಲ್ಲಿ 1997ರಲ್ಲಿ ಒಂದು ಕಾನೂನು ಬಂತು: ಪ್ರತಿ ಹೈಸ್ಕೂಲಿನಲ್ಲಿ ಮೊದಲ ಶೇ. 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಯಾವುದೋ ಹಳ್ಳಿಯ ಶಾಲೆಯ ಮೊದಲಿಗನಿಗೂ ಬಾಗಿಲು ತೆರೆಯಲಿ ಅನ್ನುವ ಉದ್ದೇಶ, ಮೆಚ್ಚಬೇಕಾದ್ದೇ. ಆದರೆ ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ನೂಕುನುಗ್ಗಲು ಹೆಚ್ಚಿ ಆ ಗೆರೆ ಶೇ. 6ಕ್ಕೆ ಬಂತು, 2026ರ ಪ್ರವೇಶಕ್ಕೆ ಶೇ. 5. ಅದೂ ವಿಶ್ವವಿದ್ಯಾಲಯದೊಳಕ್ಕೆ ಮಾತ್ರ, ಬೇಕಾದ ಬ್ರಾಂಚು ಸಿಗುತ್ತದೆ ಅಂತಿಲ್ಲ.

ಹಾಗಾಗಿ ರ‍್ಯಾಂಕು ಅಂದರೆ ಪ್ರಾಣ. ಅನೇಕ ಶಾಲೆಗಳಲ್ಲಿ ಎಪಿ ಅನ್ನುವ ಕಾಲೇಜು ಮಟ್ಟದ ವಿಷಯಗಳಿಗೆ ಹೆಚ್ಚು ತೂಕ, ಸಾಧಾರಣ ವಿಷಯಗಳಿಗೆ ಕಡಿಮೆ. ಇದರಿಂದ ಒಂದು ವಿಚಿತ್ರ ಆಗುತ್ತದೆ. ತಮ್ಮನ ಮಗಳು ಆರನೇ ತರಗತಿಯಿಂದ ಶಾಲೆಯ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುತ್ತಿದ್ದಳು. ಅದರಲ್ಲಿ ಪೂರ್ತಿ ಅಂಕ ಬಂದರೂ ಎಪಿ ತೂಕ ಇಲ್ಲದ್ದರಿಂದ ಅವಳ ಸರಾಸರಿ ಕೆಳಕ್ಕೆ ಇಳಿಯುತ್ತದೆ. ನೂರಕ್ಕೆ ನೂರು ತೆಗೆದು ಹಿಂದೆ ಬೀಳುವುದು! ಹತ್ತನೇ ತರಗತಿ ಮುಗಿದ ಮೇಲೆ ಆರ್ಕೆಸ್ಟ್ರಾ ಬಿಟ್ಟು ಇನ್ನೊಂದು ಎಪಿ ಹಿಡಿದಳು. ಮಗಳೇ ಲೆಕ್ಕ ಹಾಕಿ ತಂದು ತೋರಿಸಿದಳಂತೆ, ಎಕ್ಸೆಲ್ ಹಾಳೆಯಲ್ಲಿ. ತಮ್ಮ ಅದನ್ನು ಹೇಳುವಾಗ ಹೆಮ್ಮೆಯೋ ಬೇಸರವೋ ನನಗೆ ತಿಳಿಯಲಿಲ್ಲ, ಪ್ರಾಯಶಃ ಅವನಿಗೂ.

ಎಲ್ಲ ರಾಜ್ಯದಲ್ಲೂ ಹೀಗೇ ಅಂತಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇಂಥ ವಿಷಯಗಳ ಹೆಚ್ಚುವರಿ ಅಂಕವನ್ನು ಎಂಟು ಸೆಮಿಸ್ಟರಿಗೆ ಮಿತಿ ಹಾಕಿ ಲೆಕ್ಕ ಹಿಡಿಯುತ್ತಾರೆ. ಹದಿನೈದು ಎಪಿ ಹೊತ್ತವನಿಗೂ ಅಷ್ಟೇ. ಯಾರೋ ಪುಣ್ಯಾತ್ಮರು ಮಕ್ಕಳನ್ನು ಕಂಡವರು ಆ ನಿಯಮ ಮಾಡಿರಬೇಕು. ಇನ್ನೊಂದು ವಿಷಯ ಕೇಳಿ ನನಗೆ ನಗು ಬಂತು. ಅಲ್ಲಿ ಬಹಳಷ್ಟು ಕಾಲೇಜುಗಳಿಗೆ ಅರ್ಜಿ ಹೋಗುವುದು ಕಾಮನ್ ಆ್ಯಪ್ ಮೂಲಕ. ಅದರಲ್ಲಿ ಶಾಲೆಯ ಕೌನ್ಸೆಲರ್ ತುಂಬಬೇಕಾದ ಒಂದು ಪ್ರಶ್ನೆ: ಈ ವಿದ್ಯಾರ್ಥಿ ಆರಿಸಿಕೊಂಡ ವಿಷಯಗಳು ನಿಮ್ಮ ಶಾಲೆಯ ಮಟ್ಟಿಗೆ ಎಷ್ಟು ಕಷ್ಟದವು? ಐದು ಚೌಕ, ಒಂದಕ್ಕೆ ಗುರುತು ಹಾಕಬೇಕು. ನಮ್ಮಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದ್ದರೆ 1999ರಲ್ಲಿ ನಮ್ಮ ಕಾಲೇಜಿನ ಸಂಸ್ಕೃತ ತರಗತಿ ಅರ್ಧಕ್ಕರ್ಧ ಖಾಲಿಯಾಗುತ್ತಿತ್ತು. ಆದರೆ ಕೇಳಿದ ಕೂಡಲೇ ಮಕ್ಕಳು ಅದಕ್ಕೂ ಒಂದು ಲೆಕ್ಕ ಹುಡುಕುತ್ತಾರೆ ಅನ್ನೋದಕ್ಕೆ ಆ ಪಿಟೀಲೇ ಸಾಕ್ಷಿ. ಸುಲಭ ಸಾಕು ಅಂದರೆ ಸುಲಭ, ಕಷ್ಟ ಬೇಕು ಅಂದರೆ ಕಷ್ಟ. ಅರಸೀಕೆರೆಯ ಕೌಂಟರಿನ ಮುಂದೆ ನಿಂತಿದ್ದ ನಾನು, ಎಕ್ಸೆಲ್ ಹಾಳೆಯ ಮುಂದೆ ಕೂತ ಅವಳು, ಇಬ್ಬರೂ ಅತ್ತೆ-ಸೊಸೆಯೇ ಸೈ.

ಇಷ್ಟೆಲ್ಲ ಆದ ಮೇಲೆ ಐದನೇ ದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಮಗಳು ಅರ್ಜಿ ಎಳೆದುಕೊಂಡು ತುಂಬಿದಳು. ಭಾಷೆ: ಕನ್ನಡ. ನನ್ನ ಎದೆ ಒಂದು ಕ್ಷಣ ಉಬ್ಬಿತು. ಮೇಷ್ಟ್ರ ಸೈಕಲ್ಲು, ಗ್ರೀಸಿನ ಕೈ ಎಲ್ಲ ಕಣ್ಣಮುಂದೆ ಬಂದವು. ಅವಳ ಮುಂದಿನ ಮಾತಿಗೆ ಎಲ್ಲ ಇಳಿಯಿತು.

"ಹೇಗೂ ಸಿಇಟಿಗೆ ಲೆಕ್ಕ ಇಲ್ವಲ್ಲ ಅಮ್ಮ. ಗೊತ್ತಿರೋ ಭಾಷೆ ತಗೊಂಡ್ರೆ ಟೈಮ್ ಉಳಿಯುತ್ತೆ."

ನಾಲ್ಕನೆಯದು ಬಯಾಲಜಿ ಅಂತ ಬರೆದಳು. ಡಾಕ್ಟರ್ ಆಗಬೇಕಾ ಅಂದೆ. ಬೇಡ, ಚಿತ್ರ ಬರೆಯೋದು ಇಷ್ಟ ಅಂದಳು. ಹತ್ತನೇ ತರಗತಿಯಲ್ಲಿ ಹೃದಯದ ಅಡ್ಡಸೀಳಿಕೆ ಬರೆದು, ನೀಲಿ ಕೆಂಪು ತುಂಬಿ, ಗೋಡೆಗೆ ಅಂಟಿಸಿಕೊಂಡಿದ್ದವಳು ಅವಳು. "ಕಂಪ್ಯೂಟರ್ ಸೈನ್ಸ್ ಸುಲಭ ಅಂತಾರಲ್ಲೇ" ಅಂತ ನನ್ನ ಬಾಯಿಂದ ಬಂದೇಬಿಟ್ಟಿತು. ಇಪ್ಪತ್ತೈದು ವರ್ಷದ ಪಾಠ ಇಷ್ಟೇ ನೋಡಿ. ಅವಳು ಉತ್ತರಿಸಲಿಲ್ಲ, ಎಣ್ಣೆ ಹತ್ತಿದ ಮೂಲೆಗೆ ಟಿಶ್ಯೂ ಒತ್ತುತ್ತಿದ್ದಳು. ಈಗ ಸಂಬಂಧಿಕರೆಲ್ಲ ಅವಳು ನೀಟ್ ಬರೆಯುತ್ತಾಳೆ ಅಂತಲೇ ತೀರ್ಮಾನಿಸಿದ್ದಾರೆ. ನಾವು ತಿದ್ದುವ ಗೋಜಿಗೆ ಹೋಗಿಲ್ಲ.

ಆಗಸ್ಟಿನಲ್ಲಿ ಮೊದಲ ಕಿರು ಪರೀಕ್ಷೆ ಆಯಿತು. ಗೊತ್ತಿರೋ ಭಾಷೆ ಅಂದಿದ್ದವಳಿಗೆ ಹಳಗನ್ನಡ ಪದ್ಯ ಕೈಕೊಟ್ಟಿತ್ತು. ಹಿಂದಿನ ರಾತ್ರಿ ಒಂದು ಸಾಲು ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಳು. ನಾನು ಪದ ಬಿಡಿಸಲು ಹೋಗಿ ತಪ್ಪಾದ ಕಡೆ ಬಿಡಿಸಿ ಅರ್ಥ ಕೆಡಿಸಿದೆ. ಅಪ್ಪ ನಿದ್ದೆಗಣ್ಣಲ್ಲಿ ಎದ್ದು ಬಂದು, ಅದನ್ನು ಗಟ್ಟಿಯಾಗಿ ಎರಡು ಸಲ ಓದಿ ತಾಳ ಹಾಕಿದ ಮೇಲೆ ಪದಗಳು ತಾವಾಗಿಯೇ ಬೇರೆ ಬೇರೆ ನಿಂತವು. ಪರೀಕ್ಷೆಯಲ್ಲಿ ಅವಳಿಗೆ 25ಕ್ಕೆ 14.

"ಸಂಸ್ಕೃತ ತಗೊಂಡೋರಿಗೆಲ್ಲ ಇಪ್ಪತ್ತನಾಲ್ಕಂತೆ" ಅಂದಳು, ಉತ್ತರಪತ್ರಿಕೆ ನನ್ನ ಮುಂದೆ ಇಡುತ್ತಾ. ದೂರೂ ಅಲ್ಲ, ಹೊಟ್ಟೆಕಿಚ್ಚೂ ಅಲ್ಲ, ಸುಮ್ಮನೆ ಒಂದು ಸುದ್ದಿ.

ಪೋಷಕರ ಸಹಿ ಅಂತಿದ್ದ ಜಾಗದಲ್ಲಿ ಪೆನ್ನಿಟ್ಟೆ.

"ಕನ್ನಡ ಪೇಪರ್ ಅಮ್ಮ, ಕನ್ನಡದಲ್ಲಿ ಹಾಕು. ಮಿಸ್ ಹೇಳಿದಾರೆ."

ಬ್ಯಾಂಕಿನಲ್ಲಿ ದಿನಕ್ಕೆ ನೂರು ಸಲ ಇಂಗ್ಲಿಷಿನಲ್ಲೇ ಹಾಕಿ ಕೈ ಕೂತುಹೋಗಿದೆ. ಎರಡು ಸಲ ಕಾಟು ಹೊಡೆದು, ಮೂರನೇ ಸಲಕ್ಕೆ ಬರೆದೆ.